ಕಲ್ಲಹಳ್ಳಿಯ ಬಿಎಸ್ಸಿ ರೈತ: ಹುಣಸೂರಿನ ದೇವರಾಜ ಅರಸು

ಮೈಸೂರಿಗೆ ಹೋದರೆ ನಾವೆಲ್ಲ ಶಾಪಿಂಗಿಗೆ ಸುತ್ತೋದು ದೇವರಾಜ ಅರಸು ರಸ್ತೆಯಲ್ಲಿ. ಅಲ್ಲೇ ಪಕ್ಕದಲ್ಲಿ ದೇವರಾಜ ಮಾರುಕಟ್ಟೆ ಇದೆ. ಎರಡೂ ಒಬ್ಬರದೇ ಹೆಸರು ಅಂತ ನಮ್ಮಲ್ಲಿ ತುಂಬಾ ಜನ ಅಂದುಕೊಂಡಿರ್ತಾರೆ. ಅಲ್ಲ. ಮಾರುಕಟ್ಟೆಯ ಹೆಸರು ಒಡೆಯರ ಕಾಲದ್ದು, ನಾವು ಹೇಳ್ತಿರೋ ದೇವರಾಜ ಅರಸು ಹುಟ್ಟುವ ಮೊದಲೇ ಅದು ಇತ್ತು. ರಸ್ತೆಯ ಅರಸು ಬೇರೆ. ಅವರು ಹುಣಸೂರು ತಾಲೂಕಿನ ಕಲ್ಲಹಳ್ಳಿಯವರು, ಎಪ್ಪತ್ತರ ದಶಕದಲ್ಲಿ ರಾಜ್ಯದ ಮುಖ್ಯಮಂತ್ರಿ ಆಗಿದ್ದವರು. ನಮ್ಮ ರಾಜ್ಯಕ್ಕೆ ಕರ್ನಾಟಕ ಅನ್ನೋ ಹೆಸರು ಬಂದಾಗ, ಅಂದರೆ 1973ರ ನವೆಂಬರ್ 1ರಂದು, ಆ ಕುರ್ಚಿಯಲ್ಲಿ ಇದ್ದದ್ದು ಅವರೇ.

ನಮ್ಮ ಪೀಳಿಗೆಗೆ ಅವರು ಒಂದು ಫೋಟೋ, ಒಂದು ರಸ್ತೆ, ಪ್ರತಿ ವರ್ಷ ಆಗಸ್ಟ್ 20ರ ಜಯಂತಿ. ಅಷ್ಟೇ. ಆದರೆ ಸಿಇಟಿ ಅರ್ಜಿ ತುಂಬುವಾಗ ಕೆಟಗರಿ ಅಂತ ಒಂದು ಕಾಲಂ ಬರುತ್ತಲ್ಲ, ಅದರ ಹಿಂದಿನ ಕಥೆಯಲ್ಲಿ ಅವರಿದ್ದಾರೆ. ಊರಲ್ಲಿ ಅಜ್ಜನ ಹೆಸರಲ್ಲಿ ಎರಡು ಎಕರೆ ಪಹಣಿ ಇದ್ದರೆ, ಅದರ ಹಿಂದೆಯೂ ಇರಬಹುದು. ಹಾಗಾಗಿ ಈ ಸಲ ಅವರ ಬದುಕನ್ನು ಅವರ ಊರಿನ ಜೊತೆಗೇ ಇಟ್ಟು ನೋಡೋಣ ಅಂದುಕೊಂಡೆವು.

ಊರು ಎಂಥದ್ದು?

ಹುಣಸೂರು ಮೈಸೂರಿಂದ ಪಶ್ಚಿಮಕ್ಕೆ ಸುಮಾರು 45 ಕಿ.ಮೀ., ಮಡಿಕೇರಿ ರಸ್ತೆಯಲ್ಲಿದೆ. ಕೊಡಗಿನಲ್ಲಿ ಹುಟ್ಟೋ ಲಕ್ಷ್ಮಣತೀರ್ಥ ನದಿ ಊರಿನ ಮಗ್ಗುಲಲ್ಲೇ ಹರಿದು ಮುಂದೆ ಕಾವೇರಿ ಸೇರುತ್ತೆ. ಹನಗೋಡು, ಕಟ್ಟೆಮಳಲವಾಡಿ ಅಣೆಕಟ್ಟೆಗಳ ಕೆಳಗೆ ಭತ್ತದ ಗದ್ದೆ. ನೀರು ಸಿಗದ ಕಡೆ ರಾಗಿ, ಹುರುಳಿ, ಆಮೇಲಾಮೇಲೆ ಹೊಗೆಸೊಪ್ಪು. ಒಂದು ಕಡೆಗೆ ನಾಗರಹೊಳೆ ಕಾಡು ಶುರುವಾಗುತ್ತೆ. ಸುತ್ತ ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲೂಕುಗಳು.

ಈ ಸಣ್ಣ ಊರಿಗೆ ಒಂದು ಹಳೆಯ ಕೈಗಾರಿಕಾ ಚರಿತ್ರೆ ಇದೆ ಅಂದರೆ ನಂಬೋದು ಕಷ್ಟ. ಟಿಪ್ಪು ಕಾಲದಲ್ಲಿ ಸೈನ್ಯದ ಫಿರಂಗಿ ಎಳೆಯೋಕೆ ಸಾಕುತ್ತಿದ್ದ ಅಮೃತಮಹಲ್ ದನಗಳ ತಳಿಯನ್ನು ಬ್ರಿಟಿಷರು ಮುಂದುವರಿಸಿದರು. ಅದರ ಮುಖ್ಯ ಠಾಣೆ ಹುಣಸೂರಿನಲ್ಲಿತ್ತು. ಅದರ ಜೊತೆಗೆ ಸೈನ್ಯಕ್ಕೆ ಬೇಕಾದ ಚರ್ಮ ಹದ ಮಾಡೋ ಕೆಲಸ, ಕಂಬಳಿ ನೇಯೋ ಕೆಲಸ, ಮರದ ಗಾಡಿ ಕಟ್ಟೋ ಕೆಲಸ ಎಲ್ಲ ಇಲ್ಲಿ ಬೆಳೆದವು. 1860ರ ದಶಕದಲ್ಲಿ ಸರ್ಕಾರಿ ಕಾರ್ಖಾನೆಗಳು ಮುಚ್ಚಿದವು. ಕೆಲಸ ಕಲಿತ ಕೈಗಳು ಮಾತ್ರ ಊರಲ್ಲೇ ಉಳಿದವು.

ಇದನ್ನು ಯಾಕೆ ಹೇಳ್ತಿದ್ದೀವಿ ಅಂದ್ರೆ, ಆ ಕಾಲದ ಊರಲ್ಲಿ ಕೆಲಸ ಅಂದರೆ ಜಾತಿ. ಚರ್ಮದ ಕೆಲಸದವರ ಕೇರಿ ಬೇರೆ, ಕಂಬಳಿ ನೇಯುವ ಕುರುಬರ ಬೀದಿ ಬೇರೆ, ಮಡಕೆ ಮಾಡುವ ಕುಂಬಾರರು, ಬಟ್ಟೆ ಒಗೆಯುವ ಮಡಿವಾಳರು, ಕ್ಷೌರದವರು, ಎಣ್ಣೆ ತೆಗೆಯುವ ಗಾಣಿಗರು, ಒಬ್ಬೊಬ್ಬರಿಗೂ ಅವರವರ ಜಾಗ. ಕಾಡಂಚಲ್ಲಿ ಜೇನುಕುರುಬರು. ಸಂತೆಯ ದಿನ ಎಲ್ಲರೂ ಒಂದೇ ಕಡೆ ಸೇರ್ತಾರೆ, ಸಂಜೆಗೆ ತಮ್ಮತಮ್ಮ ಕೇರಿಗೆ ಹೋಗ್ತಾರೆ. ಶಾಲೆಯ ಬೆಂಚಿನವರೆಗೆ ಬರ್ತಿದ್ದ ಮಕ್ಕಳು ಕೆಲವೇ ಕೇರಿಗಳವರು. ಇಂಥ ತಾಲೂಕಲ್ಲಿ ಬೆಳೆದವರು ದೇವರಾಜ ಅರಸು.

ಡಿಗ್ರಿ ಮುಗಿಸಿ ಹಳ್ಳಿಗೆ

ಅವರು ಹುಟ್ಟಿದ್ದು 1915ರ ಆಗಸ್ಟ್ 20ರಂದು. ಅರಸು ಸಮುದಾಯ ಮೈಸೂರು ರಾಜಮನೆತನದ ನೆಂಟರ ಸಮುದಾಯ. ಗೌರವ ದೊಡ್ಡದು, ಜನಸಂಖ್ಯೆ ತೀರಾ ಚಿಕ್ಕದು. ಮೈಸೂರಲ್ಲಿ ಅರಸು ಹುಡುಗರಿಗೆ ಅಂತಲೇ ಇದ್ದ ಬೋರ್ಡಿಂಗ್ ಶಾಲೆಯಲ್ಲಿ ಓದಿದರು, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಲ್ಲಿ ಬಿಎಸ್ಸಿ ಮಾಡಿದರು. ತಮ್ಮ ಕೆಂಪರಾಜ ಅರಸು ಸಿನಿಮಾ ಕಡೆ ಹೋಗಿ ನಟ, ನಿರ್ಮಾಪಕ ಆದರು.

ಆಗಿನ ಕಾಲಕ್ಕೆ ಬಿಎಸ್ಸಿ ಅಂದರೆ ಸಣ್ಣ ಮಾತಲ್ಲ. ರಾಜಮನೆತನದ ನೆಂಟಸ್ತಿಕೆ ಬೇರೆ. ಸರ್ಕಾರಿ ಕೆಲಸ ಸಿಗೋದು ಕಷ್ಟ ಇರಲಿಲ್ಲ. ಅರಸು ಮಾತ್ರ ಕಲ್ಲಹಳ್ಳಿಗೆ ವಾಪಸ್ ಬಂದು ಬೇಸಾಯಕ್ಕೆ ಇಳಿದರು. ಕುಸ್ತಿ, ಗರಡಿ ಅಂದರೆ ಅವರಿಗೆ ಮೊದಲಿಂದಲೂ ಪ್ರೀತಿ. ಎತ್ತರದ ಆಳು, ಗಟ್ಟಿ ಮೈಕಟ್ಟು. ಕೃಷಿಯ ಜೊತೆಗೆ ಸುತ್ತಲ ಹಳ್ಳಿಗಳ ವ್ಯಾಜ್ಯ, ಕಷ್ಟಸುಖ ಕಿವಿಗೆ ಬೀಳೋಕೆ ಶುರುವಾಯ್ತು. ಗೇಣಿದಾರ ಅಂದರೆ ಏನು, ಸುಗ್ಗಿ ಮುಗಿದ ಮೇಲೆ ಅವನ ಕಣದಲ್ಲಿ ಎಷ್ಟು ಉಳಿಯುತ್ತೆ, ಸಾಲಕ್ಕೆ ಜೀತ ಇರೋದು ಅಂದರೆ ಏನು, ಇದನ್ನೆಲ್ಲ ಪುಸ್ತಕದಿಂದ ಕಲಿಯೋ ಅಗತ್ಯ ಅವರಿಗೆ ಬರಲಿಲ್ಲ.

1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. ಈ ಸಭೆ 1881ರಿಂದ ಇತ್ತು, ಮಹಾರಾಜರ ಸರ್ಕಾರಕ್ಕೆ ಜನರ ಅಹವಾಲು ಹೇಳೋ ಜಾಗ. ಅವರಿಗಿನ್ನೂ ಇಪ್ಪತ್ತೈದು ಇಪ್ಪತ್ತಾರು ವಯಸ್ಸು. ಮರುವರ್ಷವೇ ಕ್ವಿಟ್ ಇಂಡಿಯಾ ಚಳವಳಿ ಬಂತು. ಅರಸು ಕಾಂಗ್ರೆಸ್ಸಿನ ಕಡೆ ನಿಂತು ಜೈಲಿಗೂ ಹೋದರು. ಅರಮನೆಯ ನೆಂಟರಾಗಿದ್ದು ಅರಮನೆಯ ಸರ್ಕಾರದ ವಿರುದ್ಧದ ಚಳವಳಿಯಲ್ಲಿ ಇರೋದು ಮನೆಯ ಒಳಗೂ ಹೊರಗೂ ಸುಲಭ ಇದ್ದಿರಲಾರದು.

1952ರ ಮೊದಲ ಚುನಾವಣೆಯಲ್ಲಿ ಹುಣಸೂರಿನಿಂದ ಶಾಸಕರಾದರು. ಮುಂದೆ 1957, 1962, 1967ರಲ್ಲೂ ಹುಣಸೂರು ಅವರನ್ನು ಬಿಡಲಿಲ್ಲ. ಕ್ಷೇತ್ರದಲ್ಲಿ ಅವರ ಜಾತಿಯ ವೋಟು ಲೆಕ್ಕಕ್ಕೇ ಇರಲಿಲ್ಲ ಅನ್ನೋದನ್ನು ಇಲ್ಲಿ ನೆನಪಿಡಬೇಕು. ಗೆಲ್ಲಬೇಕಾದರೆ ಬೇರೆ ಎಲ್ಲರ ಕೇರಿಗೂ ಹೋಗಲೇಬೇಕು. ಅವರ ಮುಂದಿನ ರಾಜಕಾರಣದ ಲೆಕ್ಕ ಹುಣಸೂರಲ್ಲೇ ಶುರುವಾಗಿದ್ದು ಅಂತ ನಮಗೆ ಅನಿಸುತ್ತೆ.

1972

ಎಸ್. ನಿಜಲಿಂಗಪ್ಪನವರ ಸಂಪುಟದಲ್ಲಿ ಅರಸು ಮಂತ್ರಿಯಾಗಿದ್ದರು. 1969ರಲ್ಲಿ ಕಾಂಗ್ರೆಸ್ ಒಡೆಯಿತು. ಆಗ ನಿಜಲಿಂಗಪ್ಪನವರೇ ಅಖಿಲ ಭಾರತ ಕಾಂಗ್ರೆಸ್ ಅಧ್ಯಕ್ಷರು. ರಾಜ್ಯದ ದೊಡ್ಡ ನಾಯಕರೆಲ್ಲ ಹೆಚ್ಚುಕಮ್ಮಿ ಅವರ ಜೊತೆ ಉಳಿದರು. ಅರಸು ಇಂದಿರಾ ಗಾಂಧಿ ಕಡೆ ಹೋದರು. ಅವತ್ತಿನ ದಿನಕ್ಕೆ ಅದು ಸೋಲೋ ಕಡೆಯ ಆಟ ಅಂತ ಬಹಳ ಜನರಿಗೆ ಕಂಡಿತ್ತು.

1972ರ ವಿಧಾನಸಭಾ ಚುನಾವಣೆಯಲ್ಲಿ ಅರಸು ತಾವು ಸ್ಪರ್ಧಿಸಲಿಲ್ಲ, ಅಭ್ಯರ್ಥಿಗಳನ್ನು ಆರಿಸೋ ಕೆಲಸ ಹಿಡಿದರು. 1947ರಿಂದ ಅಲ್ಲಿವರೆಗಿನ ಮುಖ್ಯಮಂತ್ರಿಗಳನ್ನು ಸಾಲಾಗಿ ಬರೆದು ನೋಡಿ: ಎಲ್ಲರೂ ಒಕ್ಕಲಿಗ ಇಲ್ಲವೇ ಲಿಂಗಾಯತ ಸಮುದಾಯದವರು. ಟಿಕೆಟ್ಟುಗಳೂ ಹೆಚ್ಚಾಗಿ ಅಲ್ಲಲ್ಲೇ ಹಂಚಿಹೋಗ್ತಿದ್ದವು. ಅರಸು ಈ ಸಲ ಸಣ್ಣ ಸಣ್ಣ ಸಮುದಾಯದವರನ್ನು, ದಲಿತರನ್ನು, ಮುಸ್ಲಿಮರನ್ನು ಹುಡುಕಿ ನಿಲ್ಲಿಸಿದರು. 216 ಸ್ಥಾನಗಳಲ್ಲಿ 165 ಗೆದ್ದರು. ಮಾರ್ಚ್ 20ರಂದು ಮುಖ್ಯಮಂತ್ರಿಯಾದರು. ವಿಧಾನಸೌಧದ ಮೆಟ್ಟಿಲನ್ನು ಮೊದಲ ಸಲ ಹತ್ತಿದ ಎಷ್ಟೋ ಮನೆತನಗಳು ಆ ವರ್ಷದವು.

ನಮೂನೆ 7

ಅರಸು ಸರ್ಕಾರದ ಅತಿ ದೊಡ್ಡ ಕೆಲಸ ಭೂಸುಧಾರಣೆ. ಕಾಯ್ದೆ ಮೊದಲೇ ಇತ್ತು, 1961ರದ್ದು. ಅದರಲ್ಲಿ ಸಂದುಗೊಂದು ಜಾಸ್ತಿ ಇದ್ದವು. ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಆ ದಿನಕ್ಕೆ ಗೇಣಿಯಲ್ಲಿದ್ದ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದ ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಬೇಕು, ಸಾಬೀತಾದರೆ ಭೂಮಿ ಅವನ ಹೆಸರಿಗೆ. ಒಡೆಯನಿಗೆ ಪರಿಹಾರ ಸರ್ಕಾರ ಕೊಡುತ್ತೆ.

ನಮಗೆ ಇದರಲ್ಲಿ ಹೆಚ್ಚು ಇಷ್ಟ ಆಗಿದ್ದು ಅದರ ಡಿಸೈನ್. ಕೋರ್ಟಿಗೆ ಬಿಟ್ಟರೆ ಬಡವ ಸೋಲ್ತಾನೆ ಅಂತ ಗೊತ್ತಿತ್ತು. ಅದಕ್ಕೆ ತಾಲೂಕಿಗೊಂದು ಭೂನ್ಯಾಯಮಂಡಳಿ ಮಾಡಿದರು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಜೊತೆಗೆ ಸರ್ಕಾರ ನೇಮಿಸಿದ ನಾಲ್ಕು ಜನ, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಮಂಡಳಿ ಮುಂದೆ ವಕೀಲರು ವಾದ ಮಾಡೋ ಹಾಗಿಲ್ಲ. ರೈತ ತಾನೇ ನಿಂತು ಹೇಳಬೇಕು, ಒಡೆಯನೂ ತಾನೇ ನಿಂತು ಹೇಳಬೇಕು. ಮಂಡಳಿಯ ತೀರ್ಮಾನದ ಮೇಲೆ ಸಿವಿಲ್ ಕೋರ್ಟಿಗೆ ಹೋಗೋ ಹಾಗಿಲ್ಲ, ಹೈಕೋರ್ಟಿಗೆ ರಿಟ್ ಹಾಕಬಹುದಿತ್ತು ಅಷ್ಟೆ. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಅರ್ಜಿ ಹಾಕೋ ಗಡುವನ್ನು 1979ರ ಜೂನ್ ತನಕ ವಿಸ್ತರಿಸಿದರು.

ಇದರಿಂದ ಎಲ್ಲರಿಗೂ ಒಳ್ಳೇದೇ ಆಯ್ತು ಅಂತ ಬರೆದರೆ ಸುಳ್ಳಾಗುತ್ತೆ. ಗೇಣಿ ಪದ್ಧತಿ ಗಟ್ಟಿಯಾಗಿದ್ದದ್ದು ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಕಡೆ. ಹೆಚ್ಚು ಫಲ ಸಿಕ್ಕಿದ್ದೂ ಅಲ್ಲೇ. ಹುಣಸೂರಿನಂಥ ಬಯಲುಸೀಮೆ ತಾಲೂಕುಗಳಲ್ಲಿ ಬಹಳ ಜನ ಗೇಣಿದಾರರೂ ಆಗಿರಲಿಲ್ಲ, ಬರೀ ಕೂಲಿಗಳು. ಕೂಲಿಯವನಿಗೆ ನಮೂನೆ 7 ಇಲ್ಲ. ಇನ್ನೊಂದು ಕಡೆ, ಒಂದೆರಡು ಎಕರೆಯನ್ನು ಗೇಣಿಗೆ ಕೊಟ್ಟು ಅದರಲ್ಲೇ ಬದುಕುತ್ತಿದ್ದ ವಿಧವೆಯರು, ಬಡ ಅರ್ಚಕರು ಕೂಡ ಭೂಮಿ ಕಳಕೊಂಡರು. ಅವರ ಮನೆಗಳಲ್ಲಿ ಅರಸು ಹೆಸರು ಹೇಳಿದರೆ ಈಗಲೂ ಮುಖ ಬೇರೆ ಥರ ಆಗುತ್ತೆ. ಎರಡೂ ನಿಜ.

ಇದರ ಜೊತೆಜೊತೆಗೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದ್ದು (ಆಗ ಮಂತ್ರಿ ಬಿ. ಬಸವಲಿಂಗಪ್ಪ), ಜೀತ ವಿಮುಕ್ತಿ, 1976ರ ಋಣ ಪರಿಹಾರ ಕಾಯ್ದೆ, ಬಡವರಿಗೆ ಜನತಾ ಮನೆ, ಕೆಲಸವಿಲ್ಲದ ಪದವೀಧರರಿಗೆ ಸ್ಟೈಪೆಂಡ್, ಇವೆಲ್ಲ ಬಂದವು.

ನಮ್ಮ ಸೀಟಿನ ಕಥೆ

ಈಗ ನಮಗೆ ನೇರವಾಗಿ ತಾಗೋ ವಿಷಯ. ಸೀಟು ಮೀಸಲಾತಿ ನಮ್ಮ ರಾಜ್ಯದಲ್ಲಿ ಇವತ್ತಿನ ಜಗಳ ಅಲ್ಲ. 1918ರಲ್ಲೇ ಮಹಾರಾಜರ ಸರ್ಕಾರ ಮಿಲ್ಲರ್ ಸಮಿತಿ ಮಾಡಿತ್ತು. ಆಮೇಲೆ 1960ರಲ್ಲಿ ನಾಗನಗೌಡ ಸಮಿತಿ. ಅದರ ನಂತರ ಮೈಸೂರು ರಾಜ್ಯ ಎಂಜಿನಿಯರಿಂಗ್ ಮತ್ತು ಮೆಡಿಕಲ್ ಕಾಲೇಜುಗಳಲ್ಲಿ ಶೇ. 68 ಸೀಟುಗಳನ್ನು ಮೀಸಲಿಟ್ಟಿತು. ಬಾಲಾಜಿ ಪ್ರಕರಣದಲ್ಲಿ 1962ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಮೀಸಲಾತಿ ಅರ್ಧಕ್ಕಿಂತ ಕೆಳಗಿರಬೇಕು ಅನ್ನೋ ಮಾತು, ಹಿಂದುಳಿದಿರುವಿಕೆಗೆ ಜಾತಿ ಒಂದೇ ಅಳತೆ ಆಗಬಾರದು ಅನ್ನೋ ಮಾತು ಬಂದದ್ದು ಅಲ್ಲಿಂದ. ದೇಶಕ್ಕೆಲ್ಲ ಅನ್ವಯ ಆದ ಈ ತೀರ್ಪು ಹುಟ್ಟಿದ್ದು ನಮ್ಮದೇ ಎಂಜಿನಿಯರಿಂಗ್ ಸೀಟುಗಳ ಜಗಳದಿಂದ.

ಅಂದಮೇಲೆ ಮತ್ತೆ ಮೀಸಲಾತಿ ಕೊಡಬೇಕಾದರೆ ಡೇಟಾ ಬೇಕು. 1972ರ ಆಗಸ್ಟ್‌ನಲ್ಲಿ ಅರಸು ಸರ್ಕಾರ ಎಲ್.ಜಿ. ಹಾವನೂರು ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ನೇಮಿಸಿತು. ಆಯೋಗ ಊರೂರು ಸುತ್ತಿತು, ಮನೆಮನೆ ಸಮೀಕ್ಷೆ ಮಾಡಿತು. 1972ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಯಾವ ಸಮುದಾಯದ ಎಷ್ಟು ಮಕ್ಕಳು ಪಾಸಾದರು ಅಂತ ಲೆಕ್ಕ ತೆಗೆಯಿತು. ಸರ್ಕಾರಿ ಕೆಲಸದಲ್ಲಿ ಯಾರು ಎಷ್ಟಿದ್ದಾರೆ ಅಂತ ನೋಡಿತು. 1975ರ ನವೆಂಬರ್‌ನಲ್ಲಿ ನಾಲ್ಕು ಸಂಪುಟಗಳ ವರದಿ ಕೊಟ್ಟಿತು. ಹಿಂದುಳಿದ ಸಮುದಾಯ, ಹಿಂದುಳಿದ ಜಾತಿ, ಹಿಂದುಳಿದ ಪಂಗಡ ಅಂತ ಮೂರು ಭಾಗ ಮಾಡಿ ಒಟ್ಟು ಶೇ. 32 ಶಿಫಾರಸು ಮಾಡಿತು. ಒಂದೇ ಗುಂಪಿಗೆ ಹಾಕಿದರೆ ಬಲಶಾಲಿಗಳೇ ಎಲ್ಲ ತಗೋತಾರೆ, ಅದಕ್ಕೇ ಭಾಗ ಮಾಡಿದ್ದು. 1977ರ ಫೆಬ್ರವರಿಯಲ್ಲಿ ಸರ್ಕಾರ ಕೆಲವು ಬದಲಾವಣೆ ಮಾಡಿ ಆದೇಶ ಹೊರಡಿಸಿತು. ಜಾತಿ ಯಾವುದೇ ಇರಲಿ, ಬಡವರಾಗಿದ್ದರೆ ಅವರಿಗೂ ಅಂತ ವಿಶೇಷ ಗುಂಪೊಂದು ಅದರಲ್ಲಿ ಸೇರಿತು. ಲಿಂಗಾಯತರು ಪಟ್ಟಿಯ ಹೊರಗೆ ಉಳಿದರು, ಅದಕ್ಕೆ ದೊಡ್ಡ ವಿರೋಧ ಬಂತು.

ಇವತ್ತು ನಾವು ನೋಡೋ 2ಎ, 3ಬಿ ಪಟ್ಟಿ ಹಾವನೂರು ಪಟ್ಟಿ ಅಲ್ಲ. ನಡುವೆ ವೆಂಕಟಸ್ವಾಮಿ ಆಯೋಗ, ಚಿನ್ನಪ್ಪ ರೆಡ್ಡಿ ಆಯೋಗ ಬಂದಿವೆ. ಆದರೆ ಹಿಂದುಳಿದವರಲ್ಲೂ ಮೆಟ್ಟಿಲುಗಳಿವೆ, ಒಂದೊಂದಕ್ಕೂ ಬೇರೆ ಪಾಲು ಬೇಕು ಅನ್ನೋ ಯೋಚನೆ ಗಟ್ಟಿಯಾಗಿ ನಿಂತಿದ್ದು ಆಗಲೇ. ಕಟಾಫ್ ನೋಡಿ ಕ್ಲಾಸಲ್ಲಿ ಜಗಳ ಆಡುವಾಗ, ಯಾರ ಪರ ಮಾತಾಡಿದರೂ ಪರವಾಗಿಲ್ಲ, ಈ ಲೆಕ್ಕ ಎಲ್ಲಿಂದ ಬಂತು ಅಂತಾದರೂ ಗೊತ್ತಿರಬೇಕು ಅಲ್ವಾ? ಸೀಟು ಸಿಕ್ಕರೆ ಸಾಲದು, ಉಳಿಯೋಕೆ ಜಾಗ ಬೇಕು, ಊಟ ಬೇಕು ಅಂತ ಹಿಂದುಳಿದ ವರ್ಗದ ಹಾಸ್ಟೆಲುಗಳು ಬೆಳೆದದ್ದೂ ಆಗಲೇ. 1977ರಲ್ಲಿ ಅದಕ್ಕೆ ಪ್ರತ್ಯೇಕ ಇಲಾಖೆಯೇ ಬಂತು.

ನಮ್ಮಂಥವರಿಗೆ ಇನ್ನೊಂದು ಸಂಗತಿ: ಕಿಯೋನಿಕ್ಸ್ ಶುರುವಾಗಿದ್ದು 1976ರಲ್ಲಿ, ಅರಸು ಕಾಲದಲ್ಲಿ. ಅದರ ಆರ್.ಕೆ. ಬಾಳಿಗಾ ಬೆಂಗಳೂರಿನ ಹೊರಗೆ ಎಲೆಕ್ಟ್ರಾನಿಕ್ಸ್ ಸಿಟಿ ಕನಸು ಕಂಡರು, 1978ರ ಹೊತ್ತಿಗೆ ಸುಮಾರು 330 ಎಕರೆಯಲ್ಲಿ ಅದು ಶುರುವಾಯ್ತು. ನಾಳೆ ನಮ್ಮಲ್ಲಿ ಅರ್ಧ ಜನ ಬಸ್ ಇಳಿಯೋ ಜಾಗ ಅದು.

ಕತ್ತಲೆಯ ಪುಟಗಳು

ಅರಸು ಮುಖ್ಯಮಂತ್ರಿಯಾಗಿದ್ದಾಗಲೇ ತುರ್ತು ಪರಿಸ್ಥಿತಿ ಬಂತು, 1975ರ ಜೂನ್‌ನಿಂದ 1977ರ ಮಾರ್ಚ್ ತನಕ. ವಾಜಪೇಯಿ, ಅಡ್ವಾಣಿ ಬೆಂಗಳೂರಲ್ಲೇ ಬಂಧನಕ್ಕೆ ಒಳಗಾಗಿ ಇಲ್ಲಿನ ಸೆಂಟ್ರಲ್ ಜೈಲಲ್ಲಿದ್ದರು. ಸಂಸ್ಕಾರ ಸಿನಿಮಾದ ನಟಿ ಸ್ನೇಹಲತಾ ರೆಡ್ಡಿ ಅದೇ ಜೈಲಲ್ಲಿ ತಿಂಗಳುಗಟ್ಟಲೆ ಅಸ್ತಮಾದಿಂದ ನರಳಿದರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದವರು ಕೆಲವೇ ದಿನಗಳಲ್ಲಿ ತೀರಿಕೊಂಡರು. ಭೂಮಿ ಹಂಚಿದ ಸರ್ಕಾರವೇ ಆ ಜೈಲನ್ನೂ ನಡೆಸುತ್ತಿತ್ತು. ಒಂದನ್ನು ಹೇಳಿ ಇನ್ನೊಂದನ್ನು ಬಿಡೋಕೆ ಆಗಲ್ಲ. ಮುಂದೆ ಕೇಂದ್ರದ ಜನತಾ ಸರ್ಕಾರ ಅರಸು ಮೇಲಿನ ಭ್ರಷ್ಟಾಚಾರ, ಸ್ವಜನಪಕ್ಷಪಾತದ ಆರೋಪಗಳ ತನಿಖೆಗೆ ಗ್ರೋವರ್ ಆಯೋಗ ನೇಮಿಸಿತು.

ಹುಣಸೂರಿನ ಪಕ್ಕದಲ್ಲೇ ಇನ್ನೊಂದು ನೋವು ಇದೆ. ಎಚ್.ಡಿ. ಕೋಟೆ ತಾಲೂಕಿನ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟು 1974ರಲ್ಲಿ ಮುಗಿಯಿತು. ಹಲವು ಹಳ್ಳಿಗಳು ನೀರಲ್ಲಿ ಮುಳುಗಿದವು. ಅದೇ ಎಪ್ಪತ್ತರ ದಶಕದಲ್ಲಿ ಹುಲಿ ಯೋಜನೆ, ವನ್ಯಜೀವಿ ಕಾನೂನುಗಳು ಬಂದು ಜೇನುಕುರುಬರಿಗೆ ಕಾಡು ದೂರವಾಗೋಕೆ ಶುರುವಾಯ್ತು. ಗದ್ದೆ ಉಳುವವನಿಗೆ ಕಾಗದ ಸಿಕ್ಕಿತು. ಕಾಡಲ್ಲಿ ಜೇನು, ಗೆಡ್ಡೆ ಹುಡುಕುವವನು ಉಳುವವನಲ್ಲ, ಅವನ ಹತ್ತಿರ ಗೇಣಿ ಚೀಟಿಯೂ ಇಲ್ಲ. ಆ ಕಾಯ್ದೆಯಲ್ಲಿ ಅವನಿಗೆ ಜಾಗವೇ ಇರಲಿಲ್ಲ.

ಕೊನೆಯ ವರ್ಷಗಳು

1977ರ ಡಿಸೆಂಬರ್ 31ರಂದು ಸರ್ಕಾರವನ್ನು ವಜಾ ಮಾಡಿದರು. ಎರಡೇ ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ ಅರಸು 224ರಲ್ಲಿ 149 ಸ್ಥಾನ ಗೆದ್ದು ಮತ್ತೆ ಬಂದರು. ದೇಶದಲ್ಲೆಲ್ಲ ಇಂದಿರಾ ಸೋತಿದ್ದ ಹೊತ್ತು. 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಂದಿರಾ ಗೆದ್ದು ಲೋಕಸಭೆಗೆ ಮರಳಿದರು. ಆ ಗೆಲುವಿನ ಹಿಂದೆ ಅರಸು ದುಡಿಮೆ ಇತ್ತು. ಒಂದು ವರ್ಷ ತುಂಬೋದರೊಳಗೆ ಇಬ್ಬರ ಸಂಬಂಧ ಹಳಸಿತು, 1979ರಲ್ಲಿ ಅರಸು ಪಕ್ಷದಿಂದ ಹೊರಬಿದ್ದರು. ಅವರ ಹೆಸರಲ್ಲೇ ಕಾಂಗ್ರೆಸ್ಸಿನ ಒಂದು ಬಣ ಆಯ್ತು.

1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ ಕರ್ನಾಟಕದ 28ರಲ್ಲಿ 27 ಗೆದ್ದಿತು. ಅರಸು ಕೈಹಿಡಿದು ವಿಧಾನಸೌಧಕ್ಕೆ ತಂದಿದ್ದ ಶಾಸಕರೇ ಗುಂಪುಗುಂಪಾಗಿ ಆ ಕಡೆ ಹೋದರು. ಅರಸು ರಾಜೀನಾಮೆ ಕೊಟ್ಟರು, ಗುಂಡೂರಾವ್ ಮುಖ್ಯಮಂತ್ರಿಯಾದರು. ಮತ್ತೊಂದು ಪಕ್ಷ ಕಟ್ಟೋ ಪ್ರಯತ್ನದಲ್ಲಿ ಇರುವಾಗಲೇ 1982ರ ಜೂನ್ 6ರಂದು ಅರಸು ತೀರಿಕೊಂಡರು. ಇನ್ನೂ 67 ತುಂಬಿರಲಿಲ್ಲ.

ಈಗ ಹುಣಸೂರು, ಪಿರಿಯಾಪಟ್ಟಣದ ಕಡೆ ಬಸ್ಸಲ್ಲಿ ಹೋದರೆ ದಾರಿಯುದ್ದಕ್ಕೂ ಹೊಗೆಸೊಪ್ಪಿನ ಬ್ಯಾರನ್‌ಗಳು ಕಾಣುತ್ತವೆ, ಬೈಲಕುಪ್ಪೆಯ ಕಡೆ ಟಿಬೆಟಿಯನ್ನರ ಜೋಳದ ಹೊಲಗಳು. ಊರು ಬದಲಾಗಿದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದರು, ಈಗ ರೈತರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು. ಅಂದರೆ 1974ರಲ್ಲಿ ಅಜ್ಜನ ಹೆಸರಿಗೆ ಬಂದ ಎರಡು ಎಕರೆಯನ್ನು ಇಟ್ಟುಕೊಳ್ಳಬೇಕೋ ಮಾರಬೇಕೋ ಅನ್ನೋ ಪ್ರಶ್ನೆ ಇನ್ನು ಕೆಲವು ವರ್ಷದಲ್ಲಿ ನಮ್ಮ ಮುಂದೆಯೇ ಬರುತ್ತೆ.

ಮುಂದಿನ ರಜೆಗೆ ಊರಿಗೆ ಹೋದಾಗ ಮನೆಯ ದೊಡ್ಡವರನ್ನು ಒಂದು ಮಾತು ಕೇಳಿ: ನಮ್ಮ ಮನೆಯವರು ಡಿಕ್ಲರೇಷನ್ ಹಾಕಿದ್ದರಾ, ಅಥವಾ ನಮ್ಮ ಮೇಲೆ ಯಾರಾದರೂ ಹಾಕಿದ್ದರಾ? ಹಳೇ ಟ್ರಂಕಿನಲ್ಲಿ ನ್ಯಾಯಮಂಡಳಿಯ ಆದೇಶದ ಕಾಗದ ಇದ್ದರೆ ಓದಿ. ಭೂಮಿ ಪಡೆದವರ ಮನೆಯಾಗಿರಲಿ, ಕಳಕೊಂಡವರ ಮನೆಯಾಗಿರಲಿ, ಕೂಲಿಗೆ ಹೋಗಿ ಏನೂ ಸಿಗದವರ ಮನೆಯಾಗಿರಲಿ, ಕೇಳಿದ್ದನ್ನು ಬರೆದು ನಮ್ಮ ಸಂಘಕ್ಕೆ ಕಳಿಸಿ. ಮೂರೂ ಥರದ ಮನೆಗಳಿಂದ ಬಂದವರು ಈಗ ಒಂದೇ ಲ್ಯಾಬಲ್ಲಿ ಪಕ್ಕಪಕ್ಕ ಕೂತಿದ್ದೀವಿ. ಬಂದ ಕಥೆಗಳನ್ನೆಲ್ಲ ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ.